ಕ ಆದಮೇಲೆ

ಗುರುವಾರ, ಸಂಜೆ ಏಳು ಮುಕ್ಕಾಲು.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಮಹಡಿಯಲ್ಲಿ
ಹನ್ನೆರಡು ಪುಟವೂ ಮುಗಿದಿವೆ.
ಉಳಿದದ್ದು ಕೊನೆಯ ಪುಟದ ಅಡಿಯ ಒಂದೇ ಸಾಲು,
ಇರುವೆಗಳು ಹರಿದಷ್ಟು ಸಣ್ಣ ಅಕ್ಷರದ್ದು.
ಹಳೆಯ ಹೆಸರು ಅಳಿಸಿ ನನ್ನದನ್ನು ಕೂರಿಸಿದ್ದಾನೆ
ಪುಟ ಕಟ್ಟುವ ಮುನೀರ್.
ಹೆಸರಿನ ಮುಂಚೆ: ಸಂಪಾದಕ
ಅಲ್ಲಿ ನಿಂತ.
ಕ ಆದಮೇಲೆ ಕಡ್ಡಿಯಂಥ ಗೆರೆಯೊಂದು
ಮಿಣುಕುತ್ತಿದೆ, ಆರುತ್ತಿದೆ, ಮಿಣುಕುತ್ತಿದೆ.
"ಮೇಡಂ, ಕಿ ಮಾಡ್ಲಾ? ಅಲ್ಲ, ಕರು ಮಾಡ್ಲಾ?"

ಕರು! ನಕ್ಕುಬಿಟ್ಟೆ.
ಅವನೂ ನಕ್ಕ, ಯಾಕೆಂದು ತಡವಾಗಿ ತಿಳಿದು.
ಒಂಬತ್ತರೊಳಗೆ ಪುಟಗಳು ಮೈಸೂರಿಗೆ ಹೋಗಬೇಕು.

ಇಪ್ಪತ್ತೊಂದು ವರ್ಷ ಇದೇ ಮೇಜಿನಲ್ಲಿ
ಉಪಸಂಪಾದಕ. ಯಾರೂ ಕೇಳಲಿಲ್ಲ.
ಉಪ ಇರುವ ತನಕ
ಕೊನೆಯಲ್ಲೇನಿದೆ ಎಂದು ಯಾರೂ ನೋಡುವುದಿಲ್ಲ.
ಹೊರಗಿನ ಸನ್ಮಾನ ಪತ್ರದಲ್ಲಿ ಮಾತ್ರ
'ಮಹಿಳಾ ಪತ್ರಕರ್ತೆ',
ಒಂದು ಸಲಕ್ಕೆ ನಂಬಿಕೆ ಬಾರದವರ ಹಾಗೆ
ಹಿಂದೊಂದು ಸಲ, ಮುಂದೊಂದು ಸಲ.
ಹಾರದ ಜೊತೆ ಕುಂಕುಮದ ಭರಣಿ ಕೊಟ್ಟರು.
ಪಕ್ಕದ ಕುರ್ಚಿಯವನಿಗೆ ಪೆನ್ನು.

ಮೊದಮೊದಲು ಅಮ್ಮತ್ತಿಯ ಕಾಫಿ ಕಣಕ್ಕೆ
ಕೂಲಿಯ ಸುದ್ದಿಗೆ ಹೋಗಿದ್ದೆ.
ಬರೆಯುವ ಕೆಲಸ ನನ್ನದು ಎಂದೆ.
"ಯಾವ ತೋಟದ ರೈಟರು?" ಅಂದಳು ಚೋಮಿ.
ನಮ್ಮ ಕಡೆ ರೈಟರೆಂದರೆ ಹಾಜರಿ ಹಿಡಿಯುವವ,
ಸಂಜೆ ಚೀಲ ತೂಗುವವ.
ಅವನ ಪುಸ್ತಕದಲ್ಲಿ ಎರಡು ಕಲಂ:
ಗಂಡಾಳು. ಹೆಣ್ಣಾಳು.
ಆಳಿನ ತಲೆಗೆ ಹೆಣ್ಣೆಂದು ಹಚ್ಚಿದರೆ
ಎಷ್ಟು ರೂಪಾಯಿ ಎಷ್ಟು ಪೈಸೆ ಇಳಿಯುತ್ತದೆ,
ಓದು ಬಾರದ ಚೋಮಿಗೆ ಕರಾರುವಾಕ್ಕಾಗಿ ಗೊತ್ತಿತ್ತು.
ನನ್ನ ವ್ಯಾಕರಣದ ಪಾಠ ಆದದ್ದು ಅಲ್ಲಿ,
ಒಣಗುತ್ತಿದ್ದ ಹಣ್ಣಿನ ಹುಳಿ ವಾಸನೆಯಲ್ಲಿ.

ಮೊನ್ನೆ ನಾದಿನಿ ಕೇಳಿದಳು:
"ಈಗ ಸಂಪಾದಕಿ ಅಲ್ವಾ, ಸಂಪಾದನೆ ಎಷ್ಟು?"
ಹನ್ನೆರಡು ಪುಟ ಅಂದೆ.

ನಮ್ಮ ಕೊಡವ ತಕ್ಕಿನಲ್ಲಿ ಈ ಪೇಚಿಲ್ಲ.
ಅವ್ವ ಬಾಗಿಲಲ್ಲಿ ನಿಂತು 'ಪೋಚಿ' ಎಂದರೆ
ಹೋದದ್ದು ಅಣ್ಣನೋ, ನಾನೋ, ಎಮ್ಮೆಯೋ,
ಮೂವರಿಗೂ ಅದೇ ಪೋಚಿ.
ಆದರೆ ಹೋದವಳು ನಾನಾದರೆ
ಕತ್ತಲಿಗೆ ಮುಂಚೆ ಬರಬೇಕಿತ್ತು.
ಮಾತು ಕೇಳದ್ದನ್ನು ಬಾಗಿಲು ಕೇಳುತ್ತಿತ್ತು.

"ಮೇಡಂ, ಎಂಟೂವರೆ."

ಕಿ ಹಾಕಿದರೆ ಸುಳ್ಳಲ್ಲ.
ನಾಳೆ ಯಾವಳೋ ಹುಡುಗಿ ಹಳೆಯ ಸಂಚಿಕೆ ತೆಗೆದು
ಅಡಿಯ ಸಾಲಿಗೆ ಬಗ್ಗಿ
ಓ, ಇಲ್ಲೊಬ್ಬಳಿದ್ದಳು ಎಂದುಕೊಂಡಾಳು.
ಕ ಬಿಟ್ಟರೂ ಸುಳ್ಳಲ್ಲ.
ಅದು ಕುರ್ಚಿಯ ಹೆಸರು, ಕುರ್ಚಿಗೆ ಸೀರೆ ಉಡಿಸುವುದೇಕೆ?
ಕರು ಎಂದರೆ
ನನಗೆ ನಾನೇ ಎದ್ದು ನಿಂತು ಕೈಮುಗಿದ ಹಾಗೆ.
ಮತ್ತೆ, ನೋಡಿ, ಸಂಪಾದಕೀಯದಲ್ಲಿ ಕೀ ಇದೆ,
ದೀರ್ಘವಾಗಿಯೇ ಇದೆ,
ಇಷ್ಟು ವರ್ಷ ಯಾವ ಗಂಡಸೂ ತಕರಾರು ತೆಗೆದಿಲ್ಲ.

"ಹಾಗೇ ಬಿಡು" ಎಂದೆ.
ಹೇಗೆ ಎಂದು ಮುನೀರ್ ಕೇಳಲಿಲ್ಲ.
ಏನೋ ಒತ್ತಿದ. ಗೆರೆ ಆರಿತು.
ಹೆಲ್ಮೆಟ್ ತೆಗೆದುಕೊಂಡು ಮೆಟ್ಟಿಲಿಳಿದ.

ಮಂಗಳವಾರದ ಅಂಚೆಗೆ
ಪೊನ್ನಂಪೇಟೆಯ ನಿವೃತ್ತ ಮೇಷ್ಟರೊಬ್ಬರ ಕಾರ್ಡು ಬಂತು,
ಹಸಿರು ಶಾಯಿ, ಮಣಿ ಪೋಣಿಸಿದ ಅಕ್ಷರ:
"ಮಾನ್ಯ ಸಂಪಾದಕರೇ,
ಆನೆ ಕಂದಕದ ಹಣದ ಬಗ್ಗೆ ನಿಮ್ಮದು ಗಂಡೆದೆಯ ಬರಹ.
ತಮ್ಮ ಶ್ರೀಮತಿಯವರಿಗೂ ನನ್ನ ನಮಸ್ಕಾರ ತಿಳಿಸಿ."

ಅಡಿಯ ಸಾಲನ್ನು ಅವರೂ ಓದಿರಲಿಲ್ಲ.

ಮನೆಗೆ ಹೋದೆ, ಒಂಬತ್ತೂವರೆ.
ಕುಟ್ಟಯ್ಯ ಈರುಳ್ಳಿ ಹೆಚ್ಚುತ್ತಿದ್ದ.
ನಮಸ್ಕಾರ ತಲುಪಿಸಿದೆ.
ಚಾಕು ಕೆಳಗಿಟ್ಟು, ಮೊಣಕೈಯಲ್ಲಿ ಕಣ್ಣೊರೆಸಿಕೊಂಡು
ಕಾರ್ಡನ್ನು ಎರಡು ಸಲ ಓದಿದ.
"ಉತ್ತರ ನಾನೇ ಬರೀತೀನಿ," ಅಂದ,
"ಕೆಳಗೆ ಸಹಿ ಏನಂತ ಹಾಕ್ಲಿ?"